ಕೌದಿ ಕಟ್ಟಿದ ನಡುಮನೆಯಲ್ಲಿ ಅವ್ವನ ಹಾಡಿಕೆ

ಮೊನ್ನೆ ಮಳೆ ಒಂದು ದಿನ ಬಿಡುವು ಕೊಟ್ಟಿತೆಂದು ಹುನಗುಂದದ ನಮ್ಮ ಮನೆಯ ಮಾಳಿಗೆಯ ಮೇಲೆ ಹಳೇ ಬಟ್ಟೆ ಸೇರಿಸಿ ಹೊಲಿದ ಕೌದಿಗಳನ್ನೆಲ್ಲ ಬಿಸಿಲಿಗೆ ಹರವಿದ್ದೆ. ಮಧ್ಯಾಹ್ನ ತಿರುವಿ ಹಾಕಲು ಹೋದಾಗ ಹಳೇ ಸೀರೆ, ಬೇವಿನೆಲೆ, ಜೋಳದ ಧೂಳು ಮೂರೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಹಾಳಾದ್ದು, ನಿಂತಲ್ಲೇ ಕಣ್ಣಲ್ಲಿ ನೀರು! ದುಃಖದ ನೀರಲ್ಲ ಮತ್ತೆ. ಆ ವಾಸನೆಗೆ ನನಗೆ ಒಂದು ಚಳಿಗಾಲ ನೆನಪಾಗುತ್ತದೆ, ಎದೆ ಗೇಣುದ್ದ ಉಬ್ಬುತ್ತದೆ. ನಮ್ಮವ್ವನ ಗಂಟಲಿಗೆ ಆಪರೇಷನ್ ಆದ ಚಳಿಗಾಲ ಅದು. ಅವ್ವನ ಹಾಡನ್ನು ನಾನು ಈ ಕೌದಿಗಳ ನಡುವೆಯೇ ರೆಕಾರ್ಡ್ ಮಾಡಿದ್ದು.

ನಮ್ಮವ್ವ ನೀಲವ್ವ ನಾಗೇಶಿ ಹಾಡುವವಳು. ನಮ್ಮ ಕಡೆಯ ಹಾಡಿಕೆ ಕೇಳದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಕಟ್ಟೆಯ ಮೇಲೆ ಎರಡು ಮೇಳಗಳು ಎದುರುಬದುರಾಗಿ ನಿಲ್ಲುತ್ತವೆ. ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಎಂದು ಹಾಡಿದರೆ ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ಒಬ್ಬರು ಹಾಡಿನಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ, ನಿಂತ ನಿಲುವಿನಲ್ಲೇ ಜವಾಬು ಕಟ್ಟಬೇಕು. ಮೂವತ್ತು ವರ್ಷ ಅವ್ವನ ಎದುರಿಗೆ ನಿಂತವನು ಬಾದಾಮಿ ಕಡೆಯ ಕಲ್ಲಪ್ಪ. ಶಿವಯೋಗ ಮಂದಿರದ ಹತ್ತಿರ ಹೊಳೆದಂಡೆಯ ಊರು ಅವನದು. ಕಟ್ಟೆಯ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹರಿದು ತಿನ್ನುವವರ ಹಾಗೆ ಜಗಳಾಡಿ, ಕೆಳಗಿಳಿದರೆ ಒಂದೇ ತಟ್ಟೆಯಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದರು. ನಾನು ಅವನನ್ನು ಮಾಮಾ ಎಂದೇ ಕರೆಯುತ್ತಿದ್ದೆ.

ಆ ವರ್ಷ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಲು ಹೋದಾಗಲೇ ಅವ್ವನ ಕುತ್ತಿಗೆಯ ಗಂಟು ನನ್ನ ಕಣ್ಣಿಗೆ ಬಿದ್ದದ್ದು. ಎರೆಭೂಮಿಯ ಚಳಿಗಾಳಿ ಬೀಸುತ್ತಿತ್ತು. ಬಿಳಿಜೋಳ ಎದೆಮಟ್ಟ ನಿಂತಿತ್ತು. ಸೆರಗು ಸರಿದಾಗ ಕಂಡೆ, ಲಿಂಬೆಹಣ್ಣಿನಷ್ಟು ಗಂಟು. ಎಷ್ಟು ದಿನದಿಂದ ಮುಚ್ಚಿಟ್ಟಿದ್ದಳೋ ಏನೋ. ಬಾಗಲಕೋಟೆಯ ದವಾಖಾನೆಗೆ ಎಳೆದುಕೊಂಡು ಹೋದೆ. ಡಾಕ್ಟರು ನೋಡಿ, ಪರೀಕ್ಷೆಗಳನ್ನೆಲ್ಲ ಮಾಡಿಸಿ, ಸಂಕ್ರಾಂತಿ ಮುಗಿದ ಮೇಲಿನ ಒಂದು ಸೋಮವಾರ ಗೊತ್ತು ಮಾಡಿದರು.

"ಜೀವಕ್ಕ ಏನೂ ಆಗಂಗಿಲ್ರಿ. ಆದ್ರ ದನಿ ನರ ಗಂಟಿಗೆ ಹತ್ತಿಕೊಂಡೈತಿ. ದನಿ ಹಿಂಗ ಉಳೀತೈತಿ ಅಂತ ನಾ ಮಾತು ಕೊಡಾಕ ಬರಂಗಿಲ್ಲ" ಅಂದರು.

ಅವ್ವ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಳು. ಆಮೇಲೆ, "ಹಂಗಾರ ಸೋಮವಾರದೊಳಗ ಏನ್ ಹಾಡೂದೈತಿ ಹಾಡಿಬಿಡ್ತೇನಿ ತಗೋರಿ" ಎಂದು ಎದ್ದುಬಂದಳು.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಮೂವತ್ತು ವರ್ಷ ಹಾಡಿದವಳ ಒಂದು ನೆಟ್ಟಗಿನ ರೆಕಾರ್ಡಿಂಗ್ ನಮ್ಮಲ್ಲಿರಲಿಲ್ಲ! ಜನ ಮೊಬೈಲಿನಲ್ಲಿ ಹಿಡಿದದ್ದರಲ್ಲಿ ಹಾಡಿಗಿಂತ ಸಿಳ್ಳೆಯೇ ಜಾಸ್ತಿ. ನಾನೋ, ಇಳಕಲ್ಲಿನ ವಿಡಿಯೋ ಅಂಗಡಿಯಲ್ಲಿ ಊರವರ ಮದುವೆಗೆಲ್ಲ ಹಾಡು ಜೋಡಿಸುವವಳು. ಕಂಡವರ ಮಗಳಿಗೆ ಅಕ್ಕಿಕಾಳು ಹಾಕುವ ದೃಶ್ಯಕ್ಕೆ ಶಹನಾಯಿ ಹೊಂದಿಸುತ್ತ ಕೂತಿದ್ದೆ, ಹೆತ್ತವಳ ದನಿ ಹಿಡಿದಿಡಬೇಕೆಂದು ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಮಾಡಿದರೆ ಒಳ್ಳೆಯ ಸ್ಟುಡಿಯೋದಲ್ಲೇ ಮಾಡಬೇಕೆಂದು ನವನಗರದ ಒಂದು ಸ್ಟುಡಿಯೋಕ್ಕೆ ಅವ್ವನನ್ನು ಕರೆದೊಯ್ದೆ. ಗೋಡೆಗೆಲ್ಲ ಸ್ಪಂಜು, ಒಳಗೆ ಗಾಜಿನ ಕೋಣೆ, ಹೊರಗೆ ದೊಡ್ಡ ಪರದೆ. ಅಲ್ಲಿಯ ಎಂಜಿನಿಯರ್ ನನ್ನದೇ ವಯಸ್ಸಿನ ಸಭ್ಯ ಮನುಷ್ಯ, ಅವ್ವನ ಕಾಲಿಗೆ ನಮಸ್ಕಾರ ಮಾಡಿದ.

"ನಾವು ಒಬ್ಬೊಬ್ರದು ಬ್ಯಾರೆಬ್ಯಾರೆ ರೆಕಾರ್ಡ್ ಮಾಡ್ತೇವ್ರಿ. ಇವತ್ತ ಅವ್ವಾರು ಹಾಡ್ಲಿ. ಎದುರಿನವರು ಬರೂ ವಾರ ಬಂದು ಹಾಡಿದ್ರಾತು. ಆಮ್ಯಾಲೆ ನಾ ಎರಡೂ ಜೋಡಸ್ತೇನಿ" ಅಂದ.

ಅವ್ವ ನನ್ನ ಮುಖ ನೋಡಿದಳು. "ಅಂವ ಬರೂ ವಾರ ಸವಾಲ್ ಹಾಕ್ತಾನ, ನಾ ಇವತ್ತ ಜವಾಬ್ ಕೊಡ್ಲೇನು? ಇದ್ಯಾವ ಊರ ನ್ಯಾಯೋ ಯಪ್ಪಾ!"

ನಾನೇ ಪುಸಲಾಯಿಸಿ ಒಳಗೆ ಕಳಿಸಿದೆ. ಕಿವಿಗೆ ಹೆಡ್‌ಫೋನ್ ಹಾಕಿದರು. ಅದರಲ್ಲಿ ತಾಳಕ್ಕೆಂದು ಟಿಕ್ ಟಿಕ್ ಸದ್ದು. "ಯಾರೋ ಕಿವ್ಯಾಗ ಚಿಟಿಕಿ ಹೊಡ್ಯಾಕತ್ಯಾರವಾ!" ಎಂದು ಅವ್ವ ಒಳಗಿಂದಲೇ ಕೂಗಿದಳು. ಹಾಡಿದಳು, ಇಲ್ಲವೆನ್ನುವುದಿಲ್ಲ. ಒಂದೂ ತಪ್ಪಿಲ್ಲದೆ ಹಾಡಿದಳು. ಎರಡು ದಿನ ಬಿಟ್ಟು ಅವನು ದನಿ ಏರುಪೇರಾದಲ್ಲೆಲ್ಲ ತಿದ್ದಿ, ಉಸಿರು ಎಳೆದ ಸದ್ದನ್ನೆಲ್ಲ ತೆಗೆದು ಕಳಿಸಿದ. ಇಸ್ತ್ರಿ ಹೊಡೆದ ಹಾಗಿತ್ತು, ಒಂದು ಸುಕ್ಕಿಲ್ಲ. ಅವ್ವ ರೊಟ್ಟಿ ಬಡಿಯುತ್ತ ಕೊನೆಯವರೆಗೂ ಕೇಳಿದಳು.

"ಛಲೋ ಐತಿ. ಯಾರಕಿ ಈಕಿ?" ಅಂದಳು.

ನನಗೆ ಸಿಟ್ಟು ಬಂತು. ಎಂಜಿನಿಯರನ ಮೇಲಲ್ಲ, ಅವನು ತನಗೆ ಗೊತ್ತಿದ್ದ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದ. ಅವ್ವ ಮುಖಾಮುಖಿ ಜಗಳದಲ್ಲಿ ಹಾಡುವವಳೆಂದು ಗೊತ್ತಿದ್ದೂ ಗಾಜಿನ ಪೆಟ್ಟಿಗೆಯಲ್ಲಿಟ್ಟ ನನ್ನ ಮೇಲೆ. ಮನೆಯಲ್ಲೇ ಮಾಡುತ್ತೇನೆ, ಇಬ್ಬರನ್ನೂ ಎದುರಿಗೆ ನಿಲ್ಲಿಸಿಯೇ ಮಾಡುತ್ತೇನೆ ಎಂದು ಹಟ ತೊಟ್ಟೆ. ಸೋಮವಾರ ಹತ್ತಿರ ಬರುತ್ತಿತ್ತು.

ಅಂಗಡಿಯಿಂದ ಎರಡು ಮೈಕು ಬೇಡಿ ತಂದೆ. ನಡುಮನೆಯ ನಾಲ್ಕೂ ಗೋಡೆಗೆ ಮೊಳೆ ಹೊಡೆದು ಕೌದಿ ಕಟ್ಟಿದೆ. ಅಜ್ಜಿ ಹೊಲಿದದ್ದು, ಅವ್ವ ಹೊಲಿದದ್ದು, ನೆರೆಮನೆಯಿಂದ ಎರವಲು ತಂದದ್ದು ಸೇರಿ ಹದಿಮೂರು ಕೌದಿ. ಮೂಲೆಗಳಲ್ಲಿ ಜೋಳದ ಚೀಲ ಒಟ್ಟಿದೆ. ಚಪ್ಪಾಳೆ ಹೊಡೆದರೆ ಸದ್ದು ಅಲ್ಲೇ ಸತ್ತುಬೀಳುತ್ತಿತ್ತು, ಸ್ಪಂಜಿನ ಗೋಡೆಗೆ ಏನೇನೂ ಕಡಿಮೆಯಿರಲಿಲ್ಲ! ಫ್ಯಾನು, ಫ್ರಿಜ್ಜು ಬಂದ್ ಮಾಡಿದೆ. ಓಣಿಯಲ್ಲೆಲ್ಲ ಮನೆಮನೆಗೆ ಹೋಗಿ, "ಮಧ್ಯಾಹ್ನ ಎರಡು ತಾಸು ಕುಕ್ಕರ್ ಇಡಬ್ಯಾಡ್ರಿ" ಎಂದು ಕೈಮುಗಿದು ಬಂದೆ.

ಇದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದೆ. ಯಾರಿಗೂ ಹೇಳದೆ ಕಲ್ಲಪ್ಪ ಮಾಮನಿಗೆ ಫೋನು ಹಚ್ಚಿದೆ.

"ಮಾಮಾ, ಅವ್ವನ ಹಾಡು ಇದ ಕೊನೀದು ಆದ್ರೂ ಆದೀತು. ಹಗರ ಸವಾಲ್ ಹಾಕು. ಅಕಿ ಗೆದ್ದಿದ್ದು ರೆಕಾರ್ಡ್‌ನ್ಯಾಗ ಉಳೀಲಿ" ಅಂದೆ.

ಮಾಮ "ಹೂಂ, ಆತವಾ" ಎಂದು ಇಟ್ಟುಬಿಟ್ಟ.

ಗುರುವಾರ ಮಧ್ಯಾಹ್ನ ಅವನು ಬಂದ. ಜೊತೆಗೆ ದನಿಗೂಡಿಸುವ ತಮ್ಮ, ಬಗಲಲ್ಲಿ ತಮಟೆಯಂಥ ದಪ್ಪು, ಕೈಯಲ್ಲಿ ಅಮೀನಗಡದಲ್ಲಿ ಇಳಿದು ಕೊಂಡ ಕರದಂಟಿನ ಪೊಟ್ಟಣ. ಅವ್ವನ ಕಡೆಗೆ ತುಂತುಣಿ ಮೀಟಲು ಪಕ್ಕದ ಮನೆಯ ಶಾಂತವ್ವ. ಅವ್ವ ನೋಡಿದರೆ ಕೆಂಪು ಸೆರಗಿನ ಹೊಸ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ತಲೆತುಂಬ ಸೆರಗು ಹೊದ್ದು ಬಂದಳು.

"ಬರೇ ದನಿ ಹಿಡ್ಯಾಕತ್ತೇನಿ ಅವ್ವಾ, ಸೀರಿ ಯಾರ್ ನೋಡ್ತಾರ?" ಅಂದೆ.

"ಕಲ್ಲಪ್ಪ ನೋಡ್ತಾನ. ಹಳೇ ಸೀರಿ ಉಟ್ರ, ಈಕಿ ಮನ್ಯಾಗಿಂದನ ಸೋತು ಬಂದಾಳ ಅಂತಾನ" ಅಂದಳು.

ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಸೋರಬಾರದೆಂದು ನಡುವೆ ದೊಡ್ಡ ಕೌದಿಯೊಂದನ್ನು ಪರದೆಯ ಹಾಗೆ ಕಟ್ಟಿದ್ದೆ. ಮೊಬೈಲಿನಲ್ಲಿ ನೋಡಿ ಕಲಿತ ಜಾಣತನ ಅದು. ಅವ್ವ ಅದನ್ನು ಒಂದೇ ಎಳೆತಕ್ಕೆ ಕಿತ್ತು ನನ್ನ ಕೈಗೆ ಕೊಟ್ಟಳು. "ಮಾರಿ ಕಾಣದಂಗ ಯಾರರೆ ಜಗಳಾ ಆಡ್ತಾರೇನ? ತಗಿ ಅತ್ತಾಗ!"

ಹಾಡಿಕೆ ಶುರುವಾಯಿತು. ದಪ್ಪಿನ ಮೊದಲ ಪೆಟ್ಟಿಗೇ ಲ್ಯಾಪ್‌ಟಾಪಿನ ಗೆರೆಗಳು ಕುಣಿದವು. ಅವ್ವ ಮಾತಿಗೆ ಮೊದಲು ಎಳೆಯುವ ಉಸಿರು, ಬಳೆಯ ಸದ್ದು, ನಡುವೆ ಒಂದು ಹೂಂಕಾರ ಎಲ್ಲವೂ ಬಂದವು. ಸ್ಟುಡಿಯೋದಲ್ಲಿ ಒರೆಸಿಹಾಕಿದ್ದೆಲ್ಲ ವಾಪಸು ಬಂದಿತ್ತು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಕಲ್ಲಪ್ಪ ಮಾಮ ಜಗಕ್ಕೆ ಅನ್ನವಿಕ್ಕುವವರು ಯಾರೆಂದು ಕೇಳಿದ. ಅವ್ವ ಭೂತಾಯಿ ಎಂದು ಹಾಡಿ ಮುಗಿಸಿದಳು. ಅವನು ಮೊದಲ ಗುರು ಯಾರೆಂದು ಕೇಳಿದ. ಅವ್ವ ತಾಯಿ ಎಂದಳು. ಮೂರನೆಯದೂ ಅಂಥದ್ದೇ. ಹಾಡಿಕೆ ಕಲಿಯುವ ಕೂಸಿಗೆ ಕೇಳುವಂಥ ಸವಾಲುಗಳು. ಪ್ರತಿ ಸಲ ಕಲ್ಲಪ್ಪ ಮಾಮ ತಲೆತಗ್ಗಿಸಿ ಸೋಲೊಪ್ಪಿಕೊಂಡ.

ನಾಲ್ಕನೆಯದಕ್ಕೆ ಅವ್ವ ಹಾಡಲಿಲ್ಲ. ಸೊಂಟಕ್ಕೆ ಕೈಯಿಟ್ಟು ನಿಂತಳು.

"ಲೇ ಕಲ್ಲಪ್ಪ, ಬೇಕಂತ ಸೋಲಾಕತ್ತಿಯೇನೋ?"

"ಹಂಗೇನಿಲ್ಲಕ್ಕಾ…"

"ಮೂವತ್ತ ವರ್ಷ ನಿನ್ನ ಎದುರಿಗೆ ನಿಂತೇನಿ. ನಿನ್ನ ಸುಳ್ಳು ನನಗ ತಿಳಿಯಂಗಿಲ್ಲೇನ? ಯಾರ್ ಹೇಳ್ಯಾರ ಖರೆ ಹೇಳು."

ಅವನ ಕಣ್ಣು ನನ್ನ ಕಡೆ ಹೊರಳಿತು. ಸುಳ್ಳು ಹೇಳಲು ಬಾರದ ಮನುಷ್ಯ ಅವನು.

ಅವ್ವ ನನ್ನ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು. ದನಿ ಏರಿಸದೇ ಹೇಳಿದಳು: "ನಿಮ್ಮವ್ವಗ ಭಿಕ್ಷಾ ಹಾಕ್ತಿಯೇನ ನೀ? ನನ್ನ ದನಿ ಹೋದ್ರ ಹೋಗ್ಲಿ. ಖೊಟ್ಟಿ ಗೆಲುವು ನನ್ನ ಹೆಸರ್ಲೆ ಉಳೀಬಾರದು. ಅಳಸು ಅದನ್ನ."

"ಅವ್ವಾ, ಒಂದು ತಾಸಿಂದು…"

"ಅಳಸು ಅಂದೆ!"

ಅಳಿಸಿದೆ. ಅವ್ವ ಹಿಂದೆ ನಿಂತು ಪರದೆ ಖಾಲಿಯಾಗುವತನಕ ನೋಡಿದಳು. ಅಷ್ಟು ಚೆಂದವಾಗಿ ಬಂದ ದನಿ, ಇನ್ನು ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ದನಿ, ನನ್ನ ಬೆರಳಿನಿಂದಲೇ ಹೋಯಿತು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಹೊರಗೆ ಅವ್ವ ಕಲ್ಲಪ್ಪ ಮಾಮನಿಗೆ ಹೇಳುವುದು ಕೇಳಿಸಿತು. "ನಾಳಿ ಬಾ. ಹುನಗುಂದದಾಗನ ಉಳಿ ಇವತ್ತ. ನನ್ನ ಸೋಲಸಾಕಂತ ಕಟ್ಟಿಟ್ಟ ಸವಾಲ್ ಯಾವದರೆ ಇದ್ರ ಅದನ್ನ ತಗೊಂಡು ಬಾ. ಸೋತ್ರ ಸೋತಾಕಿ ಅಂತನ ಉಳೀಲಿ."

ಶುಕ್ರವಾರ ಮಧ್ಯಾಹ್ನ ಮತ್ತೆ ಕೂಡಿದೆವು. ಕರದಂಟಿಲ್ಲ, ನಗೆಯಿಲ್ಲ. ಕಲ್ಲಪ್ಪ ಮಾಮನ ಮುಖ ಬಿಗಿದಿತ್ತು. ಮೊದಲ ಸವಾಲಿಗೇ ತಿಳಿಯಿತು, ಇವತ್ತು ದಯೆಯಿಲ್ಲ. ಅವ್ವ ತಡವರಿಸಿ, ಸಾವರಿಸಿಕೊಂಡು ಉತ್ತರ ಕಟ್ಟಿದಳು. ಎರಡನೆಯದಕ್ಕೆ ಬೆವರು ಒರೆಸಿಕೊಂಡಳು. ಇಬ್ಬರ ದನಿಯೂ ಏರಿತು, ಶಾಂತವ್ವ ತುಂತುಣಿ ಮೀಟುತ್ತಲೇ "ಹೌದ್ ಹುಲಿಯಾ" ಎಂದಳು. ಆಮೇಲೆ ಅವನು ಒಂದು ಹೆಜ್ಜೆ ಮುಂದೆ ಬಂದು, ಅವ್ವನ ಕಣ್ಣಲ್ಲಿ ಕಣ್ಣಿಟ್ಟು ಹಾಡಿದ.

"ಹೆಣ್ಣ ಹೆಚ್ಚಂತ ಊರೂರು ಸಾರೀದಿ
ಗಂಟಲ ಗಟ್ಟಿ ಇರೂತನಕ
ಗಂಟಲ ಹೋದಮ್ಯಾಲ ಎಲ್ಲಿರತಾಳ ನಿನ್ನ ಶಕ್ತಿ
ಹೇಳಿ ಮುಂದಕ ಹೆಜ್ಜಿ ಇಡ"

ಎಳ್ಳ ಅಮಾವಾಸ್ಯೆಯಿಂದ ನಮ್ಮ ಮನೆಯಲ್ಲಿ ಒಬ್ಬರೂ ಬಾಯಿಬಿಟ್ಟು ಕೇಳದ ಪ್ರಶ್ನೆಯನ್ನು ಅವನು ತಾಳಕ್ಕೆ ಹಾಕಿ ಕೇಳಿಬಿಟ್ಟಿದ್ದ. ಶಾಂತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ರೆಕಾರ್ಡಿಂಗ್ ನಿಲ್ಲಿಸಲು ಹೋದೆ. ಅವ್ವ ನನ್ನ ಕಡೆ ನೋಡದೆಯೇ ಕೈ ಎತ್ತಿ ತಡೆದಳು.

ಅವನು ದಪ್ಪು ಬಾರಿಸುವುದನ್ನೂ ನಿಲ್ಲಿಸಿದ. ಅವ್ವನ ಬಾಯಿಂದ ಒಂದು ಸೊಲ್ಲಿಲ್ಲ. ಪರದೆಯ ಮೇಲೆ ಗೆರೆ ನೆಟ್ಟಗೆ ಹರಿಯುತ್ತಿತ್ತು. ಸೋತಳು ಅಂದುಕೊಂಡೆ. ಸೋತದ್ದೇ ಉಳಿಯುತ್ತದೆ ಅಂದುಕೊಂಡೆ. ಅವ್ವ ಕುತ್ತಿಗೆಯ ಸೆರಗು ಸರಿಸಿದಳು. ಇಷ್ಟು ದಿನ ಮುಚ್ಚಿಕೊಂಡು ತಿರುಗಿದ ಗಂಟನ್ನು ಎಲ್ಲರಿಗೂ ಕಾಣುವ ಹಾಗೆ ಬಿಟ್ಟು, ದನಿ ತೆಗೆದಳು.

"ಹೊಟ್ಟ್ಯಾಗಿನ ಕೂಸಿಗಿ ಯಾವ ದನಿ ಇತ್ತೋ
ಹೆತ್ತಾಕಿ ಕೇಳಲಿಲ್ಲೇನ
ಹಾಡಾಂವ ಶಿವನಾದ್ರ ಕೇಳಾಕಿ ಶಕ್ತಿ
ಕೇಳಾಕಿ ಇಲ್ಲದ ನೀನೇನ

ಇಂದಿನತನಕ ಎದುರೀಗಿ ನಿಂತೆ
ನಾಳಿಗಿ ಮುಂದ ಕುಂತೇನ
ನೀ ಹಾಡೋ ಹಾಡ ಖರೆಯೇನ ಖೊಟ್ಟೇನ
ತಲಿಯಾಡ್ಸಿ ಹೇಳಾಕಿ ನಾನ"

ಹುಚ್ಚು ಹಿಡಿದವಳ ಹಾಗೆ ನಗು ಬಂತು ನನಗೆ, ಅಳುವೂ ಬಂತು. ಅಯ್ಯೋ ನನ್ನ ಹಡೆದವ್ವಾ! ದನಿ ಹೋದರೆ ನಾನು ಸೋಲುವುದಿಲ್ಲ, ನಿನ್ನ ಹಾಡು ತೂಗುವವಳಾಗುತ್ತೇನೆ ಎಂದಿದ್ದಳು. ಕಲ್ಲಪ್ಪ ಮಾಮನಿಗೆ ತಿರುಗುಜವಾಬು ಹುಟ್ಟಲಿಲ್ಲ. ಜವಾಬು ಹೊಳೆಯದವರು ದಪ್ಪನ್ನು ನೆಲಕ್ಕಿಡುವುದು ಹಾಡಿಕೆಯ ಪದ್ಧತಿ. ಅವನು ಬಗ್ಗಿ, ಎರಡೂ ಕೈಯಿಂದ ದಪ್ಪನ್ನು ಅವ್ವನ ಎದುರಿಗೆ ನೆಲಕ್ಕೆ ಇಟ್ಟ.

"ಹುಟ್ಟಲಿಲ್ಲಕ್ಕಾ" ಅಂದ.

"ಖರೇನ?" ಅಂದಳು ಅವ್ವ.

"ಶಿವನಾಣಿ ಖರೆ. ಈ ಸವಾಲ್ ನಿನ್ನಿ ಬರೂವಾಗ ಬಸ್ಸಿನ್ಯಾಗ ಕಟ್ಟೀನಿ. ಹಾಡಬಾರದು ಅಂತ ಇದ್ದೆ."

"ಹಾಡಿದಿ, ಛಲೋ ಮಾಡಿದಿ. ಚಾ ಕುಡಿ ಬಾ" ಎಂದು ಅವ್ವ ಸೆರಗು ಮತ್ತೆ ಹೊದ್ದುಕೊಂಡಳು.

ಶನಿವಾರ, ಭಾನುವಾರ ಎರಡು ಹಗಲು ಕೂತು ಮಿಕ್ಸಿಂಗ್ ಮಾಡಿದೆ. ಅವ್ವನ ಮೈಕಿನಲ್ಲಿ ಅವನ ದಪ್ಪು, ಅವನ ಮೈಕಿನಲ್ಲಿ ಅವ್ವನ ಬಳೆ. ಒಂದನ್ನು ತೆಗೆಯಲು ಹೋದರೆ ಇನ್ನೊಂದರ ಚರ್ಮ ಕಿತ್ತು ಬರುತ್ತಿತ್ತು. ಮೊದಲರ್ಧ ದಿನ ಹಾಗೆ ಹೆಣಗಾಡಿ, ಕೊನೆಗೆ ಬಿಟ್ಟುಕೊಟ್ಟೆ. ಇಬ್ಬರೂ ಒಂದೇ ಮನೆಯಲ್ಲಿ ನಿಂತು ಹಾಡಿದ್ದು ಹಾಗೆಯೇ ಕೇಳಿಸಲಿ ಎಂದು ದನಿಯ ಎತ್ತರವನ್ನಷ್ಟೇ ಹೊಂದಿಸಿದೆ. ಸವಾಲಿಗೂ ಜವಾಬಿಗೂ ನಡುವಿನ ಮೌನಕ್ಕೆ ಕೈ ಹಚ್ಚಲಿಲ್ಲ. ಅವ್ವನ ಕೊನೆಯ ಸೊಲ್ಲು ಮುಗಿದ ಮೇಲಿನ ಗಡಿಬಿಡಿ, ಕೆಮ್ಮು, ದಪ್ಪು ನೆಲಕ್ಕಿಟ್ಟ ಸದ್ದು, ಮಾತುಕತೆ, ಇವನ್ನು ಮಾತ್ರ ಕತ್ತರಿಸಿದೆ. ಹಾಡು ಮುಗಿದ ಮೇಲೆ ಅದೆಲ್ಲ ಯಾಕೆ ಎಂದು. ಆ ಸ್ಟುಡಿಯೋದ ಎಂಜಿನಿಯರನಿಗೂ ಕಳಿಸಿದೆ. "ನನ್ನ ಗಾಜಿನ ಕ್ವಾಣ್ಯಾಗ ಇದು ಆಗ್ತಿರಲಿಲ್ರಿ" ಎಂದು ತಾನಾಗಿಯೇ ಫೋನು ಮಾಡಿ ಹೇಳಿದ. ಸಭ್ಯ ಮನುಷ್ಯ ಅಂದೆನಲ್ಲ.

ಸೋಮವಾರ ಆಪರೇಷನ್ ಆಯಿತು. ಗಂಟು ಹೋಯಿತು, ಜೊತೆಗೆ ಅರ್ಧ ದನಿಯೂ ಹೋಯಿತು. ಅವ್ವನ ಮಾತು ಇವತ್ತಿಗೂ ಕೇಳುಗರ ಎರಡನೇ ಸಾಲಿಗೆ ಮುಟ್ಟುವುದಿಲ್ಲ. ಹಾಡಿಕೆ ಇದ್ದಲ್ಲಿ ಹೋಗಿ ಮೊದಲ ಸಾಲಿನಲ್ಲಿ ಕೂಡುತ್ತಾಳೆ. ಅವ್ವ ತಲೆಯಾಡಿಸದಿದ್ದರೆ ಕಲ್ಲಪ್ಪ ಮಾಮ ಕಟ್ಟೆಯ ಮೇಲೆಯೇ ಚರಣ ತಿದ್ದಿ ಮತ್ತೆ ಹಾಡುತ್ತಾನೆ. ಇದನ್ನು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ, ಜಂಬ ಅಂದರೆ ಅನ್ನಲಿ.

ಆದರೆ ಹೇಳಲೇಬೇಕಾದದ್ದು ಬುಧವಾರದ್ದು. ಅವ್ವ ದವಾಖಾನೆಯ ಮಂಚದ ಮೇಲೆ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಒಂದು ವಾರ ಮಾತೇ ಆಡಬಾರದೆಂದು ಡಾಕ್ಟರ ಕಟ್ಟಪ್ಪಣೆ. ಬೆಳಗಿನ ಗಂಜಿ ಆದ ಮೇಲೆ ಮೊಬೈಲಿನಲ್ಲಿ ಹಾಡು ಹಚ್ಚಿ ಮಡಿಲಲ್ಲಿಟ್ಟೆ. ವಾರ್ಡಿನ ಹೆಂಗಸರು ಒಬ್ಬೊಬ್ಬರೇ ಬಂದು ಸುತ್ತ ಕೂತರು. ಔಷಧಿ ಕೊಡಲು ಬಂದ ನರ್ಸಮ್ಮನೂ ನಿಂತಳು. ಕಲ್ಲಪ್ಪ ಮಾಮನ ಸವಾಲು ಬಂತು, ಮುಗಿಯಿತು. ಮೌನ ಶುರುವಾಯಿತು.

"ಆತ್ ಬಿಡ್ರಿ, ಸೋತ್ಳು ಪಾಪ" ಎಂದಳು ಪಕ್ಕದ ಮಂಚದ ಗುಳೇದಗುಡ್ಡದ ಹೆಂಗಸು.

ಅವ್ವ ಬೆರಳೆತ್ತಿದಳು. ತಡಿ ಎಂಬಂತೆ. ಜವಾಬು ಎದ್ದಿತು. ಹೊಟ್ಟೆಯೊಳಗಿನ ಕೂಸಿನ ಮಾತಿಗೆ ಹೆಂಗಸರೆಲ್ಲ ಹೋ ಎಂದರು, "ತಲಿಯಾಡ್ಸಿ ಹೇಳಾಕಿ ನಾನ" ಎಂಬಲ್ಲಿಗೆ ನರ್ಸಮ್ಮ ಟ್ರೇ ಕೆಳಗಿಟ್ಟು ಚಪ್ಪಾಳೆ ಹೊಡೆದಳು. ಹಾಡು ನಿಂತಿತು. ನಾನು ಅವ್ವನ ಕಣ್ಣು ನೋಡಿದೆ. ಹುಬ್ಬು ಗಂಟಿಕ್ಕಿತ್ತು! ಕೈಸನ್ನೆ ಮಾಡಿ ಹತ್ತಿರ ಕರೆದು, ನನ್ನ ಕಿವಿಗೆ ಬಾಯಿಟ್ಟಳು. ಡಾಕ್ಟರ ಅಪ್ಪಣೆ ಮುರಿದು, ಒಡೆದ ಹೊಸ ದನಿಯಲ್ಲಿ ಅವ್ವ ಆಡಿದ ಮೊದಲ ಮಾತು ಇದು:

"ಅಂವ ದಪ್ಪು ಕೆಳಗಿಟ್ಟಿದ್ದು ಎಲ್ಲೈತಿ?"

"ಅದು ಬರೇ ಸಪ್ಪಳ ಅವ್ವಾ, ಕತ್ತರಿಸಿನಿ."

"ಮೂವತ್ತ ವರ್ಷ ಆ ಸಪ್ಪಳಕ್ಕನ ಹಾಡೇನಿ ನಾ. ಹಾಕು ಅದನ್ನ. ಜೋರ್ ಹಾಕು."